ಆನೆಗೆ ಇಟ್ಟ ಪರೀಕ್ಷೆ ಸರಿ ಇತ್ತಾ?

ನಮಸ್ಕಾರ ಎಲ್ರಿಗೂ. ಅತೀ ಬುದ್ಧಿವಂತ ಪ್ರಾಣಿಗಳು, ಟಾಪ್ ಟೆನ್ ಅಂತ ವಿಡಿಯೋಗಳು ಬರ್ತಾನೇ ಇರ್ತವಲ್ಲ, ಚಿಂಪಾಂಜಿ ಫಸ್ಟು, ಡಾಲ್ಫಿನ್ ಸೆಕೆಂಡು ಅಂತ, ನೋಡ್ದಾಗೆಲ್ಲ ನಂಗೆ ಬೇಜಾರಾಗತ್ತೆ, ಯಾಕಂದ್ರೆ ಆ ರ್‍ಯಾಂಕ್ ಯಾವ ಪರೀಕ್ಷೆಯಿಂದ ಬಂತು ಅಂತ ಯಾರೂ ಹೇಳಲ್ಲ.

ಕನ್ನಡಿ ಪರೀಕ್ಷೆನೇ ತಗೊಳ್ಳಿ. 1970ರಲ್ಲಿ ಗಾರ್ಡನ್ ಗ್ಯಾಲಪ್ ಅನ್ನೋ ಮನಶ್ಶಾಸ್ತ್ರಜ್ಞರು ಚಿಂಪಾಂಜಿಗಳಿಗೆ ಅರಿವಳಿಕೆ ಕೊಟ್ಟು, ಹುಬ್ಬಿಗೆ ಕೆಂಪು ಬಣ್ಣ ಹಚ್ಚಿ, ಎಚ್ಚರ ಆದ್ಮೇಲೆ ಕನ್ನಡಿ ಇಟ್ರು. ಅವು ಕನ್ನಡಿ ನೋಡ್ಕೊಂಡು ತಮ್ಮ ಹುಬ್ಬನ್ನೇ ಮುಟ್ಕೊಂಡ್ವು, ಅಂದ್ರೆ ಅಲ್ಲಿ ಕಾಣ್ತಿರೋದು ತಾನೇ ಅಂತ ತಿಳೀತು. ಆಮೇಲೆ 1989ರಲ್ಲಿ ಆನೆಗಳಿಗೂ ಕನ್ನಡಿ ತೋರಿಸಿದ್ರು, ಆನೆ ಫೇಲ್ ಅಂದ್ರು. ಆದ್ರೆ ಆ ಕನ್ನಡಿ ಚಿಕ್ಕದು, ಅದೂ ಸೊಂಡಿಲಿಗೆ ಎಟುಕದ ಹಾಗೆ ಆಚೆ ಇಟ್ಟಿದ್ದು! 2006ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಪ್ಲಾಟ್ನಿಕ್, ಡಿ ವಾಲ್, ರೈಸ್ ಅನ್ನೋ ಮೂವರು ಸಂಶೋಧಕರು ಸೇರಿ ಎಂಟಡಿಗೆ ಎಂಟಡಿ ಕನ್ನಡಿನ ಆನೆಗಳಿರೋ ಜಾಗದೊಳಗೇ ನಿಲ್ಲಿಸಿದ್ರು. ಹ್ಯಾಪಿ ಅನ್ನೋ ಹೆಣ್ಣಾನೆ ತನ್ನ ತಲೆ ಮೇಲೆ ಅವರು ಹಚ್ಚಿದ್ದ ಬಿಳಿ ಇಂಟು ಮಾರ್ಕನ್ನ ಸೊಂಡಿಲಿಂದ ಮತ್ತೆ ಮತ್ತೆ ಮುಟ್ಟಿ ನೋಡ್ತು. ಜೊತೆಗಿದ್ದ ಮ್ಯಾಕ್ಸಿನ್, ಪ್ಯಾಟಿ ಮುಟ್ಲಿಲ್ಲ. ಅಷ್ಟಕ್ಕೇ ಅವು ದಡ್ಡ ಅನ್ನೋಕಾಗತ್ತಾ? ದಿನಾ ಮೈಮೇಲೆ ಮಣ್ಣು ಎರಚ್ಕೊಳ್ಳೋ ಪ್ರಾಣಿಗೆ ಒಂದು ಮಾರ್ಕಿನ ಬಗ್ಗೆ ಯಾಕ್ ತಲೆಬಿಸಿ ಆಗ್ಬೇಕು?

ನಂಗೆ ಇನ್ನೂ ಇಷ್ಟ ಆಗೋದು ಕಂಡುಲ ಕಥೆ. ವಾಷಿಂಗ್ಟನ್‌ನ ನ್ಯಾಷನಲ್ ಮೃಗಾಲಯದಲ್ಲಿದ್ದ ಮರಿ ಗಂಡಾನೆ. ಸಂಶೋಧಕರು ಎತ್ತರದಲ್ಲಿ ಹಣ್ಣು ತೂಗಾಕಿ ಕೆಳಗೆ ಕೋಲು ಇಟ್ರು. ಕೋತಿ ಜಾತಿಯವಕ್ಕೆ ಕೊಡೋ ಪರೀಕ್ಷೆನೇ ಇದು. ಕಂಡುಲ ಕೋಲು ಎತ್ಕೊಂಡು ಆಟ ಆಡ್ತು, ಹಣ್ಣಿಗೆ ಮಾತ್ರ ಬಳಸ್ಲೇ ಇಲ್ಲ. ಆಮೇಲೆ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬ ಕೊಟ್ರೆ, ಅದನ್ನ ಉರುಳಿಸ್ಕೊಂಡು ಹಣ್ಣಿನ ಕೆಳಗೆ ತಂದು, ಮುಂಗಾಲಿಟ್ಟು ಹತ್ತಿ ಕಿತ್ಕೊಂಡೇ ಬಿಡ್ತು. ಸೊಂಡಿಲು ನಮಗೆ ಕೈ ಥರ ಕಾಣತ್ತೆ ಆದ್ರೆ ಆನೆಗೆ ಅದು ಮೂಗೂ ಹೌದು, ಕೋಲು ಹಿಡ್ಕೊಂಡ್ರೆ ವಾಸನೆ ಹಿಡಿಯೋಕೆ ಅಡ್ಡಿ, ಹಾಗಂತ 2011ರಲ್ಲಿ ಆ ಸಂಶೋಧಕರೇ ವಿವರಿಸಿದ್ರು. ಕೋಲಿನ ಪರೀಕ್ಷೆಗೇ ನಿಲ್ಲಿಸಿದ್ದಿದ್ರೆ ಆನೆಗೆ ಉಪಾಯ ಹೊಳೆಯಲ್ಲ ಅಂತಾನೇ ಬರ್ದಿಡ್ತಿದ್ರು.

ಅದಕ್ಕೇ ನಾನು ಹೇಳೋದು, ಆನೆ, ನಾಯಿ, ಕಾಗೆ ಎಲ್ಲಾನೂ ಒಂದೇ ಸಾಲಲ್ಲಿ ನಿಲ್ಲಿಸಿ ನಂಬರ್ ಕೊಡೋದು ಬಿಡಿ. ನಾಯಿ ಲೋಕ ಇರೋದು ವಾಸನೆಲಿ, ಅದಕ್ಕೆ ಕನ್ನಡಿ ತೋರಿಸಿ ಏನು ಪ್ರಯೋಜನ? ಬೆಂಗಳೂರಿನ ನಿಯಾಸ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿದ್ದ ನಿಶಾಂತ್ ಶ್ರೀನಿವಾಸಯ್ಯ ಮತ್ತವರ ತಂಡ ಕಾಡು, ಹೊಲದ ಅಂಚಲ್ಲಿ ವರ್ಷಗಟ್ಲೆ ಗಂಡಾನೆಗಳನ್ನ ಗಮನಿಸಿ 2019ರಲ್ಲಿ ಪ್ರಕಟಿಸಿದ್ರಲ್ಲ, ಬೆಳೆ ಇರೋ ಕಡೆ ಎಳೇ ಗಂಡಾನೆಗಳು ಗುಂಪು ಕಟ್ಕೊಂಡು ಬಹಳ ಕಾಲ ಒಟ್ಟಿಗೇ ಇರ್ತವೆ ಅಂತ. ಮನುಷ್ಯರು ತುಂಬಿರೋ ಅಪಾಯದ ಜಾಗಕ್ಕೆ ತಮ್ಮ ಬದುಕನ್ನೇ ಬದಲಾಯಿಸ್ಕೊಳ್ಳೋದು ಬುದ್ಧಿ ಅಲ್ವಾ? ಇಂಥ ಸಂಶೋಧನೆಗೆ ದುಡ್ಡು, ಸಮಯ ಎರಡೂ ಜಾಸ್ತಿ ಸಿಗ್ಬೇಕು ಅನ್ನೋದೇ ನನ್ನ ವಾದ.