ಬಾರ್ಬಿಜಾನ್ ಕಾಡಿಗೆ ಹೋದ ಇಬ್ಬರು

ಕೇಳುಗರಿಗೆ ನಮಸ್ಕಾರ.

19ನೇ ಶತಮಾನದ ಮಧ್ಯದಲ್ಲಿ ರೊಮೇನಿಯಾದ ಬಡ ಹುಡುಗನೊಬ್ಬ ಬಣ್ಣ ಹಚ್ಚಿ ಹೊಟ್ಟೆ ಹೊರೆಯಬೇಕಾದರೆ ದೇವರ ಪಟಗಳೇ ಗತಿ. ನಿಕೊಲಾಯೆ ಗ್ರಿಗೊರೆಸ್ಕು ಅಂಥ ಹುಡುಗ. ಹುಟ್ಟಿದ್ದು 1838ರಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬುಕಾರೆಸ್ಟಿನಲ್ಲಿ ಒಬ್ಬ ಚಿತ್ರಕಾರರ ಹತ್ತಿರ ಕೆಲಸ ಕಲಿತು, ಸಂತರ ಪಟ ಬರೆದು ಮಾರಿ ಮನೆಗೆ ಆಸರೆಯಾದ. ಇಪ್ಪತ್ತು ದಾಟಿದ ಹೊಸತರಲ್ಲಿ ಅಗಾಪಿಯಾ ಎಂಬ ಮಠದ ಗೋಡೆಗಳಿಗೆ ಚಿತ್ರ ಬರೆದು ಹೆಸರು ಮಾಡಿದ. ಆಮೇಲೆ 1861ರಲ್ಲಿ ಪ್ಯಾರಿಸಿಗೆ ಹೋದ.

ಪ್ಯಾರಿಸಿನ ಶಾಲೆಗಿಂತ ಅವನಿಗೆ ಜಾಸ್ತಿ ಕಲಿಸಿದ್ದು ಬಾರ್ಬಿಜಾನ್. ಫೊಂಟೆನ್‌ಬ್ಲೋ ಕಾಡಿನ ಅಂಚಿನ ಸಣ್ಣ ಹಳ್ಳಿ ಅದು. ಮಿಲೆ, ಥಿಯೊಡೋರ್ ರೂಸೊ ಮುಂತಾದ ಫ್ರೆಂಚ್ ಚಿತ್ರಕಾರರು ಅಲ್ಲಿ ನೆಲೆಸಿ, ಮರ, ಹೊಲ, ದುಡಿಯುವ ರೈತರನ್ನು ಬರೆಯುತ್ತಿದ್ದರು. ಆ ಹೊತ್ತಿಗೆ ಬಣ್ಣ ಲೋಹದ ಟ್ಯೂಬಿನಲ್ಲಿ ಸಿಗುತ್ತಿತ್ತು. ಡಬ್ಬಿಯಲ್ಲಿ ಹಾಕಿಕೊಂಡು ಎಲ್ಲಿ ಬೇಕಾದರೂ ಕೂರಬಹುದು. ಗೋಡೆಯ ಮುಂದೆ ನಿಂತು ಬೆಳೆದ ಹುಡುಗನಿಗೆ ಇದು ಎಂಥ ಬಿಡುಗಡೆಯಾಗಿರಬೇಕು!

ಊರಿಗೆ ಮರಳಿದ ಮೇಲೆ ಗ್ರಿಗೊರೆಸ್ಕು ತನ್ನ ದೇಶವನ್ನೇ ಬರೆದ. 1877ರಲ್ಲಿ ತುರ್ಕರ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದಲ್ಲಿ ರೊಮೇನಿಯಾದ ಸೈನ್ಯದ ಜೊತೆ ಹೋಗಿ ಅಲ್ಲಿ ಕಂಡದ್ದನ್ನೂ ಬರೆದ. ಆದರೆ ಜನ ಹೆಚ್ಚು ನೆನೆಯುವುದು ಅವನ ಎತ್ತಿನ ಗಾಡಿಗಳನ್ನು. ಧೂಳು ತುಂಬಿದ ಬೆಳಕು, ಬಿಳಿ ಎತ್ತುಗಳು, ಆತುರವಿಲ್ಲದ ನಡಿಗೆ. ಕೊನೆಗಾಲದ ಚಿತ್ರಗಳಲ್ಲಂತೂ ಗಾಡಿ, ರಸ್ತೆ, ಆಕಾಶ ಎಲ್ಲವೂ ಒಂದೇ ಬಿಳುಪಿನಲ್ಲಿ ಕರಗಿಹೋಗುತ್ತವೆ. ನೋಡಲು ಬಹಳ ಚೆನ್ನ. ಆದರೂ ಆ ಬೆಳಕಿನಲ್ಲಿ ಹಳ್ಳಿಯ ಕಷ್ಟ ಅಷ್ಟಾಗಿ ಕಾಣುವುದಿಲ್ಲ ಎಂದು ನನಗನ್ನಿಸುತ್ತದೆ.

ನನ್ನ ಮನಸ್ಸು ವಾಲುವುದು ರೊಮೇನಿಯಾದ ಇನ್ನೊಬ್ಬ ಚಿತ್ರಕಾರ ಇಯೊನ್ ಅಂದ್ರೆಯೆಸ್ಕು ಕಡೆಗೆ. ಗ್ರಿಗೊರೆಸ್ಕುವಿಗಿಂತ 12 ವರ್ಷ ಚಿಕ್ಕವನು. ಬುಝೌ ಎಂಬ ಊರಿನಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದ. ಪಾಠ ಮುಗಿದ ಮೇಲೆ ಊರಂಚಿನ ರಸ್ತೆ, ಬಯಲು, ಮರಗಳನ್ನು ಬರೆಯುತ್ತಿದ್ದ. ಅವನೂ ಫ್ರಾನ್ಸಿಗೆ ಹೋದ, ಅದೇ ಬಾರ್ಬಿಜಾನಿನಲ್ಲಿ ಕೂತ. ಆದರೆ ಅವನ ಕಣ್ಣು ಬೇರೆ. ಎಲೆ ಉದುರಿದ ಕಾಡು, ಮೋಡ ಕವಿದ ದಿನ, ಒಂಟಿ ಓಕ್ ಮರ. ಬೂದು ಬಣ್ಣದಲ್ಲೇ ಎಷ್ಟೊಂದು ಬಗೆ! 'ಬಾರ್ಬಿಜಾನಿನಲ್ಲಿ ಚಳಿಗಾಲ' ಎಂಬ ಚಿತ್ರದಲ್ಲಿ ಹಳ್ಳಿಯ ಮೇಲೆ ಬಿದ್ದ ಹಿಮ ಬರೀ ಬಿಳಿಯಲ್ಲ. ಅದರೊಳಗೆ ಮಣ್ಣಿದೆ, ತೇವವಿದೆ. ಚಂದ ಮಾಡಿ ತೋರಿಸಬೇಕೆಂಬ ಹಟವೇ ಇಲ್ಲ. ಹಾಗಿದ್ದೂ ಕಣ್ಣು ಕೀಳಲು ಆಗುವುದಿಲ್ಲ ಅಲ್ವಾ, ಅದೇ ಅವನ ಶಕ್ತಿ.

ಕ್ಷಯ ಅವನನ್ನು ಉಳಿಸಲಿಲ್ಲ. 1882ರಲ್ಲಿ ತೀರಿಕೊಂಡಾಗ ಅವನಿಗೆ 32 ವರ್ಷ. ಗ್ರಿಗೊರೆಸ್ಕು 1907ರವರೆಗೆ ಬದುಕಿದ್ದ, ಹೆಸರು ಕಂಡ. ಅದರಿಂದಲೇ ಇರಬೇಕು, ಹೊರಗಿನವರಿಗೆ ರೊಮೇನಿಯಾ ಎಂದರೆ ಮೊದಲು ಅವನ ಗಾಡಿಗಳು ಗೊತ್ತಾಗುತ್ತವೆ.

ರೊಮೇನಿಯಾದ ಮುಂದಿನ ಚಿತ್ರಕಾರರು ಕಾಡಿನಲ್ಲೇ ನಿಲ್ಲಲಿಲ್ಲ. ಎರಡು ಮಹಾಯುದ್ಧಗಳ ನಡುವೆ ತೊನಿತ್ಸಾ, ಇಸೆರ್, ದರಸ್ಕು ಮೊದಲಾದವರು ಕಪ್ಪು ಸಮುದ್ರದ ದಡದ ಬಾಲ್ಚಿಕ್ ಊರಿಗೆ ಹೋಗತೊಡಗಿದರು. ಈಗ ಅದು ಬಲ್ಗೇರಿಯಾದಲ್ಲಿದೆ. ಆಗ ರೊಮೇನಿಯಾದ್ದಾಗಿತ್ತು. ಸುಣ್ಣಕಲ್ಲಿನ ಬಿಳಿ ಗುಡ್ಡ, ಇಳಿಜಾರಿನ ಮನೆಗಳು, ಕೆಳಗೆ ನೀಲಿ ನೀರು. ಅವರ ಬಣ್ಣಗಳಿಗೂ ಬಿಸಿಲು ಹತ್ತಿತು. 1940ರಲ್ಲಿ ಗಡಿ ಬದಲಾಯಿತು. ಅವರು ಬರೆದ ಬಾಲ್ಚಿಕ್ ರೊಮೇನಿಯಾದ ಚಿತ್ರಶಾಲೆಗಳಲ್ಲಿ ಉಳಿಯಿತು.