ಮಂಡಕಳ್ಳಿಯ ವಿಮಾನ ನಿಲ್ದಾಣ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೊರಟವರಿಗೆ ಊರು ದಾಟಿದ ಸ್ವಲ್ಪ ಹೊತ್ತಿಗೇ ಮಂಡಕಳ್ಳಿ ಸಿಗುತ್ತದೆ. ಅಲ್ಲಿ ವಿಮಾನ ನಿಲ್ದಾಣವಿದೆ ಎಂಬುದು ಮೈಸೂರಿಗರಿಗೆಲ್ಲ ಗೊತ್ತು. ಅಲ್ಲಿಂದ ವಿಮಾನ ಹತ್ತಿದವರು ಮಾತ್ರ ಕಡಿಮೆ. ಎಂಬತ್ತು ದಾಟಿದ ಈ ನಿಲ್ದಾಣ ಬದುಕಿನ ಬಹುಪಾಲನ್ನು ವಿಮಾನಕ್ಕೆ ಕಾಯುವುದರಲ್ಲೇ ಕಳೆದಿದೆ.

ಇದನ್ನು ಕಟ್ಟಿಸಿದ್ದು ಮೈಸೂರು ಸಂಸ್ಥಾನ, 1940ರಲ್ಲಿ. ಬೆಂಗಳೂರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಸಂಸ್ಥಾನದ ನೆರವಿನಿಂದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದ್ದೂ ಅದೇ ವರ್ಷ. ಒಂದೇ ಕಾಲದ ಈ ಎರಡು ಕೆಲಸಗಳಲ್ಲಿ ಬೆಂಗಳೂರಿನದು ದೇಶದ ದೊಡ್ಡ ಕಾರ್ಖಾನೆಯಾಗಿ ಬೆಳೆಯಿತು, ಮೈಸೂರಿನದು ಬಯಲಾಗಿ ಉಳಿಯಿತು. ಸ್ವಾತಂತ್ರ್ಯದ ನಂತರ ನಿಲ್ದಾಣ ಕೇಂದ್ರ ಸರ್ಕಾರಕ್ಕೆ ಸೇರಿತು. ಎಂಬತ್ತರ ದಶಕದಲ್ಲಿ ಸಣ್ಣ ಊರುಗಳಿಗೆಂದೇ ಹುಟ್ಟಿದ್ದ ವಾಯುದೂತ್ ಸಂಸ್ಥೆ ಇಲ್ಲಿಗೂ ಬಂದಿತು, ಹೆಚ್ಚು ಕಾಲ ನಿಲ್ಲಲಿಲ್ಲ.

ಹೊಸ ಟರ್ಮಿನಲ್ ಕಟ್ಟಿ, ರನ್‌ವೇ ಸರಿಪಡಿಸಿ ನಿಲ್ದಾಣವನ್ನು ಮತ್ತೆ ತೆರೆದದ್ದು 2010ರಲ್ಲಿ. ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಶುರುಮಾಡಿತು; ಮರುವರ್ಷ ನಿಲ್ಲಿಸಿತು. 2013ರಲ್ಲಿ ಸ್ಪೈಸ್‌ಜೆಟ್ ಬಂದಿತು. ಅದೂ ಮುಂದಿನ ವರ್ಷ ಹೊರಟುಹೋಯಿತು. ಮೈಸೂರಿಗರಿಗೆ ವಿಮಾನದ ಆಸೆಯೇ ಇಲ್ಲ ಎಂದು ಆಗ ಹಲವರು ತೀರ್ಮಾನಿಸಿದರು. ನಾನು ಒಪ್ಪುವುದಿಲ್ಲ. ಬೆಂಗಳೂರು ಇಲ್ಲಿಂದ ನೂರನಲವತ್ತು ಕಿಲೋಮೀಟರ್. ಹೆಜ್ಜೆಹೆಜ್ಜೆಗೆ ಬಸ್ಸಿದೆ, ರೈಲಿದೆ. ಮೇಲಾಗಿ ಬೆಂಗಳೂರಿನ ವಿಮಾನ ನಿಲ್ದಾಣ 2008ರಲ್ಲೇ ದೇವನಹಳ್ಳಿಗೆ ಹೋಗಿತ್ತು. ಅಲ್ಲಿ ಇಳಿದವನು ಮೆಜೆಸ್ಟಿಕ್ ಸೇರುವಷ್ಟರಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದವನು ಬೆಂಗಳೂರಿನಲ್ಲಿ ಕಾಫಿ ಮುಗಿಸಿರುತ್ತಾನೆ. ಹತ್ತಿರದ ಊರಿಗೆ ವಿಮಾನ ಬಿಟ್ಟು, ಜನ ಹತ್ತಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಈ ಲೆಕ್ಕ ಸರಿಹೋದದ್ದು ಸಣ್ಣ ಊರುಗಳಿಗೂ ವಿಮಾನ ತಲುಪಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಿಂದ. 2017ರಲ್ಲಿ ಹಾರಾಟ ಆರಂಭಿಸಿದ ಈ ಯೋಜನೆ, ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಒಂದಷ್ಟು ಆಸನಗಳ ದರವನ್ನು 2500 ರೂಪಾಯಿಗೆ ಮಿತಿಗೊಳಿಸಿತು. ಕಂಪನಿಯ ನಷ್ಟವನ್ನು ಸರ್ಕಾರ ತುಂಬಿಕೊಡುತ್ತದೆ, ಆದರೆ ಮೂರು ವರ್ಷ ಮಾತ್ರ. ಚೆನ್ನೈ, ಹೈದರಾಬಾದ್, ಗೋವಾ, ಕೊಚ್ಚಿ ಎಂದು ಮೈಸೂರಿಗೆ ದೂರದ ಊರುಗಳು ಸಿಕ್ಕವು. ರೈಲಿನಲ್ಲಿ ಇಡೀ ರಾತ್ರಿ ಹಿಡಿಯುವ ಹೈದರಾಬಾದಿಗೆ ವಿಮಾನ ಬೇಕೇ ಎಂದು ಯಾರೂ ಕೇಳುವುದಿಲ್ಲ.

ಹಾಗಿದ್ದರೂ ದೆಹಲಿ, ಮುಂಬಯಿಗಳಿಗೆ ದೊಡ್ಡ ವಿಮಾನ ಏಕಿಲ್ಲ? ರನ್‌ವೇ ಉದ್ದ ಸಾಲದು. ಇಲ್ಲಿರುವುದು ಸುಮಾರು 1740 ಮೀಟರ್. ಎಪ್ಪತ್ತು ಚಿಲ್ಲರೆ ಜನರನ್ನು ಹೊರುವ, ರೆಕ್ಕೆಗೆ ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನಕ್ಕೆ ಇಷ್ಟು ಸಾಕು. ತುಂಬಿದ ಏರ್‌ಬಸ್, ಬೋಯಿಂಗ್ ಜೆಟ್‌ಗಳಿಗೆ ಸಾಮಾನ್ಯವಾಗಿ ಎರಡು ಕಿಲೋಮೀಟರಿಗಿಂತ ಹೆಚ್ಚು ಬೇಕು. ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಎತ್ತರದಲ್ಲಿ ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಿಗಲು ವಿಮಾನ ಇನ್ನಷ್ಟು ದೂರ ಓಡಲೇಬೇಕು. 2023ರಲ್ಲಿ ತೆರೆದ ಶಿವಮೊಗ್ಗದ ರನ್‌ವೇ 3200 ಮೀಟರ್ ಇದೆ. ಹಿರಿಯ ಮೈಸೂರಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಉದ್ದ ಮಾಡೋಣವೆಂದರೆ ಪಕ್ಕದಲ್ಲೇ ನಂಜನಗೂಡಿನ ಹೆದ್ದಾರಿ, ಅದರ ಜೊತೆಗೆ ಚಾಮರಾಜನಗರದ ರೈಲುಹಳಿ. ಹೆದ್ದಾರಿಯನ್ನು ರನ್‌ವೇ ಅಡಿಯಲ್ಲಿ ಹಾಯಿಸುವ ಆಲೋಚನೆ ನಡೆಯಿತು, ರಸ್ತೆಯನ್ನೇ ಬೇರೆಡೆ ತಿರುಗಿಸುವ ಮಾತೂ ಬಂದಿತು. ಯಾವ ದಾರಿ ಹಿಡಿದರೂ ಜಮೀನು ಬೇಕು. ಅಂದರೆ ಸುತ್ತಲಿನ ರೈತರ ಜೊತೆ ಕೂತು ಮಾತಾಡಬೇಕು. ವಿಮಾನ ಹತ್ತುವವರ ಅನುಕೂಲದ ಬಗ್ಗೆ ಇಷ್ಟು ಹೇಳಿದ ನಾನು, ಭೂಮಿ ಕೊಡುವವರಿಗೆ ಸಿಗುವ ಬೆಲೆಯ ಮಾತನ್ನು ಮೊದಲು ಇತ್ಯರ್ಥ ಮಾಡಿ, ಅಳತೆಪಟ್ಟಿ ಆಮೇಲೆ ಹಿಡಿಯಿರಿ ಎಂದೇ ಹೇಳುತ್ತೇನೆ.

ನಮಸ್ಕಾರ.