ಒಂಬತ್ತೋ, ಹತ್ತೋ? ಎಲೆಕ್ಟ್ರಿಕ್ ಗಿಟಾರಿನ ತಂತಿ ಆರಿಸುವ ಮಾತು

ನಮಸ್ಕಾರ. ಇವತ್ತು ನಾನು ಮಾತಾಡಲು ಹೊರಟಿರುವ ವಸ್ತುವಿನ ದಪ್ಪ ಕಾಲು ಮಿಲಿಮೀಟರ್. ರೇಡಿಯೋದಲ್ಲಿ ತೋರಿಸಲು ಆಗುವುದಿಲ್ಲ ಬಿಡಿ, ಎದುರು ಕೂತು ಕೈಯಲ್ಲಿ ಹಿಡಿದು ತೋರಿಸಿದರೂ ನಾಲ್ಕು ಮಾರು ದೂರದವರಿಗೆ ಕಾಣುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಮೊದಲನೇ ತಂತಿ ಅದು. ಅದನ್ನು ಆರಿಸುವುದರಲ್ಲಿ ನಾನು ಮಾಡಿಕೊಂಡ ಎಡವಟ್ಟುಗಳನ್ನು ಹೇಳಿದರೆ ನಿಮಗೆ ಸ್ವಲ್ಪ ದುಡ್ಡಾದರೂ ಉಳಿಯಬಹುದು.

ಮೊದಲನೇ ಎಡವಟ್ಟು ಅಂಗಡಿಯಲ್ಲೇ ಆಯಿತು. ಗಿಟಾರ್ ಕೊಂಡು ಮೂರು ತಿಂಗಳಾಗಿತ್ತು, ತಂತಿ ತುಕ್ಕು ಹಿಡಿದಿತ್ತು. ಹೋಗಿ "ಗಿಟಾರ್ ತಂತಿ ಕೊಡಿ" ಅಂದೆ. ಅವರು ಕೊಟ್ಟರು. ಯಾವ ಗಿಟಾರಿಗೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ಬಿಚ್ಚಿ ನೋಡಿದರೆ ಬಂಗಾರದ ಬಣ್ಣ, ಹಬ್ಬಕ್ಕೆ ತಂದ ಒಡವೆ ಹಾಗೆ ಹೊಳೆಯುತ್ತಿತ್ತು. ಕಟ್ಟಿ, ಆಂಪ್‌ಗೆ ಜೋಡಿಸಿ ಮೀಟಿದರೆ ಮೇಲಿನ ಸ್ಥಾಯಿಯ ಎರಡು ತೆಳು ತಂತಿ ಕಿರುಚುತ್ತಿವೆ, ಉಳಿದ ನಾಲ್ಕು ದಪ್ಪ ತಂತಿ ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದ ಹಾಗೆ ಕೇಳುತ್ತಿವೆ. ಗಿಟಾರೇ ಕೆಟ್ಟಿತು ಅಂದುಕೊಂಡು ಎರಡು ದಿನ ಊಟ ಸೇರಲಿಲ್ಲ.

ಕೆಟ್ಟಿದ್ದು ಗಿಟಾರ್ ಅಲ್ಲ. ನಾನು ತಂದದ್ದು ಅಕೌಸ್ಟಿಕ್ ಗಿಟಾರಿನ ತಂತಿ, ಒಳಗೆ ಉಕ್ಕು, ಮೇಲೆ ಕಂಚಿನ ಸುತ್ತು. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದರೆ ಒಂದು ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಸಣ್ಣ ತಂತಿ. ಅದಕ್ಕೆ ಮೈಕಿನ ಹಾಗೆ ಕಿವಿ ಇಲ್ಲ. ತನ್ನೆದುರು ಆಯಸ್ಕಾಂತಕ್ಕೆ ಸಿಕ್ಕುವ ಲೋಹ ಅಲುಗಾಡಿದರೆ ಅದು ವಿದ್ಯುತ್ತು ಹುಟ್ಟಿಸುತ್ತದೆ, ಅಷ್ಟೇ. ಕಂಚು ಆಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಹಾಗಾಗಿ ದಪ್ಪ ತಂತಿಗಳಲ್ಲಿ ಒಳಗಿನ ತೆಳು ಉಕ್ಕಿನ ಎಳೆ ಮಾತ್ರ ಪಿಕಪ್‌ಗೆ ಲೆಕ್ಕ, ಸುತ್ತಿದ್ದೆಲ್ಲ ಇದ್ದೂ ಇಲ್ಲದ ಹಾಗೆ. ನೈಲಾನ್ ತಂತಿ ಕಟ್ಟಿದರಂತೂ ಪೂರ್ತಿ ಮೌನ. ಅದಕ್ಕೇ ಎಲೆಕ್ಟ್ರಿಕ್ ಗಿಟಾರಿನ ಪ್ಯಾಕೆಟ್ ಮೇಲೆ ನಿಕಲ್ ಅಂತಲೋ, ನಿಕಲ್ ಲೇಪಿಸಿದ ಉಕ್ಕು ಅಂತಲೋ, ಸ್ಟೇನ್‌ಲೆಸ್ ಸ್ಟೀಲ್ ಅಂತಲೋ ಇರುತ್ತದೆ. ಎಲೆಕ್ಟ್ರಿಕ್ ಅನ್ನುವ ಪದ ನೋಡದೆ ದುಡ್ಡು ಕೊಡಬೇಡಿ.

ಇನ್ನು ಪ್ಯಾಕೆಟ್ ಮೇಲಿನ ಅಂಕಿಗಳು. 9-42, 10-46 ಅಂತೆಲ್ಲ ಬರೆದಿರುತ್ತದೆ. ಅದು ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ. 10 ಅಂದರೆ ಒಂದು ಇಂಚಿನ ಸಾವಿರ ಪಾಲಿನಲ್ಲಿ ಹತ್ತು ಪಾಲು, ಅದೇ ನಾನು ಹೇಳಿದ ಕಾಲು ಮಿಲಿಮೀಟರ್. ಅತೀ ತೆಳುವಿನಿಂದ ಅತೀ ದಪ್ಪದವರೆಗೆ ಆರು ತಂತಿಯಲ್ಲಿ ಮೊದಲನೆಯದು, ಕೊನೆಯದು ಎಷ್ಟು ಅಂತ ಹೇಳಿದರೆ ಸಾಕು, ಮಧ್ಯದವು ಅದಕ್ಕೆ ತಕ್ಕ ಹಾಗೆ ಇರುತ್ತವೆ. ಗಿಟಾರ್ ಬಾರಿಸುವವರು ಮಾತಲ್ಲಿ ಇನ್ನೂ ಮೊಟಕು ಮಾಡಿ "ನಾನು ಹತ್ತು ಹಾಕ್ತೀನಿ", "ನಂದು ಒಂಬತ್ತು" ಅನ್ನುತ್ತಾರೆ. ಪಕ್ಕದಲ್ಲಿ ಕೂತವರಿಗೆ ಚಪ್ಪಲಿ ಸೈಜಿನ ಮಾತು ಅನ್ನಿಸಬಹುದು.

ಒಂಬತ್ತಕ್ಕೂ ಹತ್ತಕ್ಕೂ ವ್ಯತ್ಯಾಸ ಎಷ್ಟು? ಒಂದು ಕೂದಲ ದಪ್ಪಕ್ಕಿಂತ ಕಡಿಮೆ. ಅಷ್ಟಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನನಗೂ ಅನ್ನಿಸಿತ್ತು. ಆದರೆ ತಂತಿಯ ಬಿಗಿ ಅದರ ತೂಕದ ಮೇಲೆ ನಿಂತಿದೆ, ತೂಕ ದಪ್ಪದ ವರ್ಗದ ಮೇಲೆ ನಿಂತಿದೆ. ಒಂಬತ್ತೊಂಬತ್ತಲ 81, ಹತ್ಹತ್ತಲ 100. ಅಂದರೆ ಒಂದೇ ಸ್ವರಕ್ಕೆ ಶ್ರುತಿ ಮಾಡಲು ಹತ್ತರ ತಂತಿಯನ್ನು ಒಂಬತ್ತರದಕ್ಕಿಂತ ನೂರಕ್ಕೆ ಇಪ್ಪತ್ಮೂರರಷ್ಟು ಜಾಸ್ತಿ ಬಿಗಿಯಬೇಕು. ಕಿಲೋದಲ್ಲಿ ಹೇಳಿದರೆ ಒಂಬತ್ತರ ಮೊದಲ ತಂತಿ ಸುಮಾರು 6 ಕಿಲೋ ಎಳೆಯುತ್ತದೆ, ಹತ್ತರದು 7 ಕಿಲೋ ದಾಟುತ್ತದೆ. ಆರೂ ತಂತಿ ಸೇರಿದರೆ ಒಂಬತ್ತರ ಸೆಟ್ 38 ಕಿಲೋ, ಹತ್ತರ ಸೆಟ್ 47 ಕಿಲೋ ಆಸುಪಾಸು. ಆ ತೆಳ್ಳನೆಯ ಕತ್ತಿನ ಮೇಲೆ ಹೆಚ್ಚುಕಡಿಮೆ ಒಂದು ಅಕ್ಕಿ ಮೂಟೆ ನೇತಾಡುತ್ತಿದೆ ಅಂತ ಇಟ್ಟುಕೊಳ್ಳಿ.

ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ ನಾನು ಎರಡನೇ ಎಡವಟ್ಟು ಮಾಡಿದೆ. ಆಗ ನನಗೆ ಸ್ಟೀವಿ ರೇ ವಾನ್ ಹುಚ್ಚು. ಟೆಕ್ಸಸ್‌ನ ಬ್ಲೂಸ್ ಗಿಟಾರಿಸ್ಟ್, 1990ರಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ಅವರ ಗಿಟಾರಿನ ಸದ್ದು ಅಂದರೆ ಕಂಬಳದ ಕೋಣ ಓಡಿದ ಹಾಗೆ, ನೆಲ ಅದುರಬೇಕು. ಅವರು 13ರ ತಂತಿ ಹಾಕುತ್ತಿದ್ದರು ಅಂತ ಎಲ್ಲೋ ಓದಿದೆ. ದಪ್ಪ ತಂತಿ, ದಪ್ಪ ಸದ್ದು, ಸರಿ ಅಲ್ವಾ? ನಾನೂ 13 ತಂದೆ.

ನನ್ನದು ಹಿಂದುಗಡೆ ಸ್ಪ್ರಿಂಗ್ ಇರುವ, ತೇಲುವ ಬ್ರಿಡ್ಜಿನ ಗಿಟಾರ್. ಬ್ರಿಡ್ಜ್ ಅಂದರೆ ಒಡಲ ಮೇಲೆ ತಂತಿ ಕೂರುವ ಪಟ್ಟಿ, ಇದರಲ್ಲಿ ಅದನ್ನು ಮುಂದಿನಿಂದ ತಂತಿ, ಹಿಂದಿನಿಂದ ಸ್ಪ್ರಿಂಗ್ ಜಗ್ಗಿ ಹಿಡಿದಿರುತ್ತವೆ. ಹಳೆಯ ತಂತಿ ಆರನ್ನೂ ಒಟ್ಟಿಗೆ ಬಿಚ್ಚಿದೆ, ಸ್ಪ್ರಿಂಗ್ ಬ್ರಿಡ್ಜನ್ನು ಹಿಂದಕ್ಕೆ ಎಳೆದುಕೊಂಡಿತು. ಹೊಸದು ಕಟ್ಟಿ ಶ್ರುತಿ ಮಾಡುತ್ತಾ ಹೋದ ಹಾಗೆ ಬ್ರಿಡ್ಜ್ ಮುಂದಕ್ಕೆ ವಾಲಿ ಮೊಸಳೆ ಬಾಯಿ ತೆರೆದ ಹಾಗೆ ಎದ್ದು ನಿಂತಿತು, ಒಂದು ತಂತಿ ಸರಿ ಮಾಡಿದರೆ ಇನ್ನೊಂದು ಇಳಿಯುವುದು, ಅದನ್ನು ಏರಿಸಿದರೆ ಮೊದಲಿನದು ಇಳಿಯುವುದು, ಹೀಗೇ ಮಧ್ಯಾಹ್ನ ಮುಗಿಯಿತು. ಸಂಜೆ ಹೇಗೋ ಬಾರಿಸಲು ಕೂತರೆ ತಂತಿ ಜಗ್ಗುವುದಿಲ್ಲ. ಬೆರಳ ತುದಿ ಬೊಬ್ಬೆ ಬಂದು ಒಡೆಯಿತು.

ಆ ವಾರ ನಮ್ಮ ಅತ್ತೆ ಮನೆಗೆ ಬಂದಿದ್ದರು. ಅವರು ನಲವತ್ತು ವರ್ಷದಿಂದ ವೀಣೆ ನುಡಿಸುವವರು. ನನ್ನ ಬೆರಳು ನೋಡಿ, ಗಿಟಾರ್ ತೊಡೆ ಮೇಲೆ ಇಟ್ಟುಕೊಂಡು ತಂತಿಯನ್ನು ಒಂದು ಸಲ ಎಳೆದು ನೋಡಿ, "ಇದು ಸಂಗೀತಕ್ಕೋ ಬಟ್ಟೆ ಒಣಗಿಸಲಿಕ್ಕೋ ಮಾರಾಯ?" ಅಂದರು. ನಗುತ್ತಲೇ ಹೇಳಿದರು, ಆದರೆ ಅವರು ಹೇಳಿದ ಮುಂದಿನ ಮಾತು ಇವತ್ತಿಗೂ ನನಗೆ ತಂತಿ ಆರಿಸುವ ಅಳತೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುತ್ತಾರೆ, ಗಿಟಾರಿನವರು ಬೆಂಡಿಂಗ್ ಅನ್ನುವುದೂ ಅದನ್ನೇ. ಅತ್ತೆ ಅಂದಿದ್ದು ಇಷ್ಟು: ಎಳೆದಾಗ ನಿನಗೆ ಬೇಕಾದ ಸ್ವರದಲ್ಲಿ ತಂತಿ ನಿಲ್ಲಬೇಕು, ನಿನ್ನ ಶಕ್ತಿ ಮುಗಿದ ಜಾಗದಲ್ಲಿ ಅಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ವಾನ್ 13 ಹಾಕುತ್ತಿದ್ದದ್ದು ನಿಜ. ಆದರೆ ಗಿಟಾರನ್ನು ಅರ್ಧ ಸ್ವರ ಕೆಳಗೆ ಶ್ರುತಿ ಮಾಡುತ್ತಿದ್ದರು. ಅರ್ಧ ಸ್ವರ ಇಳಿಸಿದರೆ ಬಿಗಿ ನೂರಕ್ಕೆ ಹನ್ನೊಂದರಷ್ಟು ಕಡಿಮೆ ಆಗುತ್ತದೆ. ಹಾಗಾಗಿ ಅವರ 13 ಕೈಗೆ ಸಿಗುತ್ತಿದ್ದದ್ದು ಹನ್ನೆರಡು ಚಿಲ್ಲರೆಯ ಹಾಗೆ. ನಾನು ಪೂರ್ತಿ ಶ್ರುತಿಗೆ ಏರಿಸಿ ಅವರಿಗಿಂತ ಜಾಸ್ತಿ ಕಷ್ಟಪಡುತ್ತಿದ್ದೆ! ಅವರ ಅಗಲ ಕೈ ನನಗಿಲ್ಲ ಅನ್ನುವುದು ಬೇರೆ ಮಾತು. ಸಾಲದ್ದಕ್ಕೆ ಅವರ ಬೆರಳೂ ಹರಿದು ಹೋಗುತ್ತಿತ್ತು, ಅಂಟು ಹಾಕಿಕೊಂಡು ಬಾರಿಸಿದ ಕಥೆಗಳು ಇವೆ.

ಇನ್ನು ದಪ್ಪ ತಂತಿಗೇ ದಪ್ಪ ಸದ್ದು ಅನ್ನುವ ನಂಬಿಕೆ. ಪೂರ್ತಿ ಸುಳ್ಳಲ್ಲ, ದಪ್ಪ ತಂತಿಯಲ್ಲಿ ಪಿಕಪ್‌ಗೆ ಸಿಗುವ ಲೋಹ ಜಾಸ್ತಿ, ಜೋರಾಗಿ ಹೊಡೆದರೂ ಸ್ವರ ಅಲುಗಾಡುವುದು ಕಡಿಮೆ. ಆದರೆ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರಿಸ್ಟ್ ಟೋನಿ ಅಯೋಮಿ ಅವರನ್ನು ನೋಡಿ. 1965, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ತಗಡಿನ ಕಾರ್ಖಾನೆ, ಹದಿನೇಳು ವರ್ಷದ ಹುಡುಗ. ಕೆಲಸ ಬಿಡುವ ಕೊನೆಯ ದಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವರು ಎಡಚ, ತಂತಿ ಒತ್ತುವುದೇ ಬಲಗೈಯಲ್ಲಿ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿಕೊಂಡರು. ದಪ್ಪ ತಂತಿ ಒತ್ತಲು ಆಗುತ್ತಿರಲಿಲ್ಲ, ಆಗ ತೆಳು ಗಿಟಾರ್ ತಂತಿ ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ, ಹಾಗಾಗಿ ಬ್ಯಾಂಜೋ ತಂತಿ ಕಟ್ಟಿಕೊಂಡರು. ಮುಂದೆ ಶ್ರುತಿಯನ್ನೂ ಒಂದೂವರೆ ಸ್ವರ ಕೆಳಗಿಳಿಸಿದರು. ಹೆವಿ ಮೆಟಲ್ ಅಂತ ಜಗತ್ತು ಹೆಸರಿಟ್ಟ ಆ ಬ್ಲ್ಯಾಕ್ ಸಬ್ಬತ್ ಸದ್ದು ಹುಟ್ಟಿದ್ದು ಸಡಿಲವಾದ, ತೆಳು ತಂತಿಯಲ್ಲಿ. ಝಡ್ ಝಡ್ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ಇನ್ನೂ ಮುಂದೆ ಹೋಗಿ 7ರ ತಂತಿ ಹಾಕುತ್ತಾರೆ, ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್ ಹೇಳಿದ ಮೇಲೆ ಹಗುರ ತಂತಿಗೆ ಬಂದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅವರ ಸದ್ದು ತೆಳು ಅಂತ ಯಾರಾದರೂ ಹೇಳಲಿ ನೋಡೋಣ.

ಈಗ ಸುಲಭಕ್ಕೆ ಸಿಗುವ ತೆಳು ಸೆಟ್‌ಗಳೂ ತಾನಾಗಿ ಬಂದದ್ದಲ್ಲ. 1960ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರ್ನಿ ಬಾಲ್ ಅನ್ನುವವರು ಗಿಟಾರ್ ಅಂಗಡಿ ಇಟ್ಟುಕೊಂಡಿದ್ದರು. ಆಗಿನ ಸೆಟ್‌ಗಳಲ್ಲಿ ಮೂರನೇ ತಂತಿಗೂ ಲೋಹದ ಸುತ್ತು, ಕಲಿಯುವ ಹುಡುಗರಿಗೆ ಎಳೆಯಲು ಬರುತ್ತಿರಲಿಲ್ಲ. ಬರೀ ಉಕ್ಕಿನ ಎಳೆಯ ಮೂರನೇ ತಂತಿ ಇರುವ ಹಗುರ ಸೆಟ್ ಮಾಡಿಸಿ ಸ್ಲಿಂಕಿ ಅಂತ ಮಾರಿದರು. ಸುತ್ತಿದ ಮೂರನೇ ತಂತಿ ಇವತ್ತಿಗೂ ಜಾಜ್ ಬಾರಿಸುವವರಿಗೆ ಬೇಕು, ನಮಗೆ ನಿಮಗೆ ಬೇಡ.

ಹಾಗಾದರೆ ಏನು ಕೊಳ್ಳುವುದು? ನನ್ನನ್ನು ಕೇಳಿದರೆ, ಮೊದಲು ನಿಮ್ಮ ಗಿಟಾರಿನ ತಂತಿಯ ಉದ್ದ ನೋಡಿ, ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ ಬ್ರಿಡ್ಜ್‌ವರೆಗಿನ ಅಳತೆ. ಸ್ಟ್ರಾಟೊಕಾಸ್ಟರ್ ಜಾತಿಯವು ಇಪ್ಪತ್ತೈದೂವರೆ ಇಂಚು, ಲೆಸ್ ಪಾಲ್ ಜಾತಿಯವು ಇಪ್ಪತ್ನಾಲ್ಕು ಮುಕ್ಕಾಲು. ಮುಕ್ಕಾಲು ಇಂಚು ಕಡಿಮೆಯಾದರೆ ಅದೇ ತಂತಿ ನೂರಕ್ಕೆ ಆರರಷ್ಟು ಸಡಿಲ. ಅದಕ್ಕೇ ಉದ್ದ ಗಿಟಾರಿಗೆ 9, ಗಿಡ್ಡ ಗಿಟಾರಿಗೆ 10 ಅಂತ ನಾನು ಶುರು ಮಾಡಲು ಹೇಳುತ್ತೇನೆ. ಎರಡು ತಿಂಗಳು ಬಾರಿಸಿ. ಬೆಂಡ್ ಮಾಡಿದಾಗ ಸ್ವರ ದಾಟಿ ಹೋಗುತ್ತಿದ್ದರೆ, ಸ್ವರಮೇಳ ಒತ್ತಿದಾಗ ಶ್ರುತಿ ಏರಿದ ಹಾಗೆ ಕೇಳಿದರೆ, ನಿಮ್ಮ ಕೈ ಜೋರು, ಒಂದು ಮೇಲೆ ಹೋಗಿ. ತೆಳು ತಂತಿ ಹಗುರ ಬೇಕು, ದಪ್ಪದಕ್ಕೆ ಗಟ್ಟಿಯಾಗಿ ಹೊಡೆಯಬೇಕು ಅನ್ನುವವರಿಗೆ 9-46 ಅಂತ ಬೆರಕೆ ಸೆಟ್ ಇದೆ. ಆರನೇ ತಂತಿಯನ್ನು ಡಿ ಸ್ವರಕ್ಕೆ ಇಳಿಸಿಯೇ ಬಾರಿಸುವವರು 10-52 ನೋಡಿ, ಇಲ್ಲದಿದ್ದರೆ ಅದು ಜೋಕಾಲಿ ಹಗ್ಗದ ಹಾಗೆ ಜೋಲುತ್ತದೆ.

ದಪ್ಪ ಬದಲಾಯಿಸಿದರೆ ಗಿಟಾರನ್ನೂ ಸ್ವಲ್ಪ ಸರಿ ಮಾಡಬೇಕಾಗುತ್ತದೆ, ಕತ್ತಿನ ಬಾಗು, ಬ್ರಿಡ್ಜಿನ ಎತ್ತರ, ಸ್ಪ್ರಿಂಗ್. ಒಂಬತ್ತರಿಂದ ಹತ್ತಕ್ಕೆ ಹೋದರೆ ಸಣ್ಣ ತಿರುವು, 13ಕ್ಕೆ ಹಾರಿದರೆ ನಟ್‌ನ ಸಂದನ್ನೇ ಅಗಲ ಮಾಡಿಸಬೇಕು. ತೇಲುವ ಬ್ರಿಡ್ಜ್ ಇದ್ದವರು ದಯವಿಟ್ಟು ಒಂದೊಂದೇ ತಂತಿ ಬದಲಾಯಿಸಿ.

ಲೋಹದ ವಿಚಾರ ಬೇಗ ಮುಗಿಸುತ್ತೇನೆ. ಶುದ್ಧ ನಿಕಲ್ ಮೆತ್ತಗೆ, ಹಳೆಯ ಕಾಲದ ಸದ್ದು. ಸ್ಟೇನ್‌ಲೆಸ್ ಸ್ಟೀಲ್ ಚುರುಕು, ಬಾಳಿಕೆಯೂ ಚೆನ್ನ, ಆದರೆ ಕತ್ತಿನ ಮೇಲಿನ ಲೋಹದ ಮೆಟ್ಟಿಲು, ಅಂದರೆ ಫ್ರೆಟ್, ಬೇಗ ಸವೆಯುತ್ತದೆ. ನಿಕಲ್ ಲೇಪಿಸಿದ ಉಕ್ಕು ನಡುವಿನದು, ಜಾಸ್ತಿ ಜನ ಅದನ್ನೇ ಕಟ್ಟುವುದು. ಇದಲ್ಲದೆ ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ ಇರುವ ಕೋಟೆಡ್ ತಂತಿಗಳಿವೆ, ಬೆಲೆ ಜಾಸ್ತಿ. ಬಯಲುಸೀಮೆಯಲ್ಲಿ ಇರುವವರಿಗೆ ಅದು ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ. ಆದರೆ ನಾನಿರುವುದು ಕರಾವಳಿಯಲ್ಲಿ. ಇಲ್ಲಿ ಜೂನ್ ಬಂತು ಅಂದರೆ ಉಪ್ಪಿನ ಡಬ್ಬಿಯಲ್ಲಿ ನೀರು, ಚಪ್ಪಲಿ ಮೇಲೆ ಬೂಸ್ಟು, ತಂತಿ ಮೇಲೆ ತುಕ್ಕು. ಮಳೆಗಾಲದಲ್ಲಿ ಸಾದಾ ತಂತಿ ನನಗೆ ಮೂರು ವಾರ ಬಂದರೆ ಹೆಚ್ಚು. ಕೋಟೆಡ್ ಹಾಕಿದರೆ ಚೌತಿವರೆಗೆ ನಡೆಯುತ್ತದೆ, ಲೆಕ್ಕ ಹಾಕಿದರೆ ಅದೇ ಅಗ್ಗ. ನಿಮ್ಮ ಕೈ ಬೆವರುವುದಾದರೆ ಊರು ಯಾವುದಾದರೂ ಇದೇ ಮಾತು. ಬಾರಿಸುವ ಮುಂಚೆ ಕೈ ತೊಳೆದು, ಆದ ಮೇಲೆ ಹಳೆಯ ಬನಿಯನ್ ಬಟ್ಟೆಯಲ್ಲಿ ತಂತಿಯ ಅಡಿಗೂ ಸೇರಿಸಿ ಒರೆಸಿದರೆ ಯಾವ ತಂತಿಯೂ ಸ್ವಲ್ಪ ಜಾಸ್ತಿ ದಿನ ಬಾಳುತ್ತದೆ.

ಹಳೆಯದಾಗಿದೆ ಅಂತ ತಿಳಿಯಲು ತುಕ್ಕು ಕಾಣುವವರೆಗೆ ಕಾಯಬೇಡಿ. ತಂತಿಯ ಕೆಳಭಾಗಕ್ಕೆ ಬೆರಳು ಸವರಿ, ಫ್ರೆಟ್ ತಾಗುವ ಜಾಗದಲ್ಲಿ ಹಳ್ಳ ಬಿದ್ದಿದ್ದರೆ ಆಯಿತು ಅಂತಲೇ ಲೆಕ್ಕ. ಹೊಸದು ಕಟ್ಟಿದ ಮೇಲೆ ಒಂದೊಂದನ್ನೂ ಮೆಲ್ಲಗೆ ಎಳೆದು, ಇಳಿದ ಶ್ರುತಿ ಮತ್ತೆ ಏರಿಸಿ, ನಾಲ್ಕೈದು ಸಲ ಹೀಗೆ ಮಾಡಿದರೆ ಅದು ನಿಲ್ಲುತ್ತದೆ. ಇದನ್ನು ಮಾಡದೆ ಹೊಸ ತಂತಿಯಲ್ಲಿ ವೇದಿಕೆ ಹತ್ತಿದವರ ಪಾಡು ನಾನು ಕಂಡಿದ್ದೇನೆ, ಆ ವೇದಿಕೆ ಮೇಲೆ ನಾನೇ ಇದ್ದೆ.

ನಾನು ಈಗ ಕಟ್ಟುವುದು 9-46. ಅತ್ತೆ ಬಂದಾಗ ಒಂದು ಸಲ ಎಳೆದು ನೋಡಿ, "ಹ್ಞಾಂ, ಈಗ ತಂತಿ" ಅಂದಿದ್ದಾರೆ. ಕಟ್ಟಿ ಆದ ಮೇಲೆ ಕತ್ತರಿಸಿದ ತುದಿಗಳನ್ನು ಮಾತ್ರ ನೆಲದ ಮೇಲೆ ಬಿಡಬೇಡಿ. ಕಾಲು ಮಿಲಿಮೀಟರ್ ಉಕ್ಕು, ಟೈಲ್ಸ್ ಮೇಲೆ ಕಾಣುವುದೇ ಇಲ್ಲ. ಕಳೆದ ಸಲ ಅದು ಸಿಕ್ಕಿದ್ದು ನಮ್ಮಮ್ಮನ ಪಾದಕ್ಕೆ. ಆ ಸಂಜೆ ನಮ್ಮನೆಯಲ್ಲಿ ಗಿಟಾರ್ ಸದ್ದು ಕೇಳಲಿಲ್ಲ, ಬೇರೆ ಸದ್ದು ಕೇಳಿತು. ನಮಸ್ಕಾರ.